ಈ ಬೂದು ಪೊದೆ ಯಾವ ಸಾಲ್ಟ್‌ಬುಷ್? ಎಲೆ ನೋಡಿ ಹೇಳೋಕೆ ಆಗುತ್ತಾ?

ಅಡಿಲೇಡ್_ಅಣ್ಣ
ಎಲ್ಲರಿಗೂ ನಮಸ್ಕಾರ. ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಆಗಸ್ಟಾ ದಾಟಿ ಉತ್ತರಕ್ಕೆ ಹೋದರೆ ರಸ್ತೆಯ ಎರಡೂ ಬದಿ ಬೂದು ಪೊದೆಗಳು, ಕಣ್ಣು ಹಾಯುವ ತನಕ ಅವೇ. ಕೇಳಿದರೆ ಎಲ್ಲರೂ ‘ಸಾಲ್ಟ್‌ಬುಷ್’ (ಉಪ್ಪು ನೆಲದಲ್ಲಿ ಬೆಳೆಯುವ ಪೊದೆ) ಅಂತ ಹೇಳಿ ಮಾತು ಮುಗಿಸ್ತಾರೆ. ಇಳಿದು ಹತ್ತಿರ ಹೋಗಿ ನೋಡಿದರೆ ಒಂದರ ಹಾಗೆ ಇನ್ನೊಂದಿಲ್ಲ.

ನಾಲ್ಕು ಫೋಟೋ ಹಾಕಿದ್ದೇನೆ. ಮೊದಲನೆಯದು ಮೊಣಕಾಲೆತ್ತರದ್ದು, ಎಲೆ ಚಪ್ಪಟೆ, ಬೂದು. ಎರಡನೆಯದು ನೀಲಿ ಬೆರೆತ ಬಿಳುಪು, ಎಲೆ ಪುಟ್ಟದು, ದಪ್ಪ. ಮೂರನೆಯದು ಸೆಮಾಫೋರ್ ಬೀಚಿನ ಮರಳು ದಿಬ್ಬದ್ದು, ಎಲೆ ಉದ್ದ. ನಾಲ್ಕನೆಯದು ಅದರ ಪಕ್ಕದಲ್ಲೇ ಇತ್ತು, ಕೆಂಪು ಹಣ್ಣು ಬಿಟ್ಟಿದೆ. ಆ್ಯಪ್‌ಗೆ ಕೊಟ್ಟರೆ ಒಂದೇ ಗಿಡಕ್ಕೆ ಒಂದೊಂದು ಸಲ ಒಂದೊಂದು ಹೆಸರು ಹೇಳುತ್ತೆ.

ಎಲೆ ನೋಡಿ ಜಾತಿ ಗುರುತಿಸೋಕೆ ಏನಾದರೂ ದಾರಿ ಇದೆಯಾ? ಹಿತ್ತಲ ಬೇಲಿ ಉದ್ದಕ್ಕೂ ಒಂದು ಸಾಲು ನೆಡುವ ಯೋಚನೆ ಇದೆ. ಮನೆಯವರ ಪ್ರಶ್ನೆ ಬೇರೆ: ಇದನ್ನ ತಿನ್ನಬಹುದಾ?

ಹುಲ್ಲುಕಡ್ಡಿ
ಕಾಯಿ ಎಲ್ಲಿ ಸ್ವಾಮಿ? ನಾಲ್ಕರಲ್ಲಿ ಮೂರು ಫೋಟೋದಲ್ಲಿ ಕಾಯೇ ಇಲ್ಲ.

ಲೆನ್ಸ್_ರಾಯ
ಹುಲ್ಲುಕಡ್ಡಿ ಕೇಳಿದ್ದು ಒರಟಾದರೂ ಸರಿಯಾದ ಪ್ರಶ್ನೆ. ಸಾಲ್ಟ್‌ಬುಷ್ ಅಂದರೆ ಒಂದು ಗಿಡ ಅಲ್ಲ, ಒಂದು ಕುಲವೂ ಅಲ್ಲ. ಆಟ್ರಿಪ್ಲೆಕ್ಸ್ ಕುಲವೊಂದರಲ್ಲೇ ಆಸ್ಟ್ರೇಲಿಯಾದಲ್ಲಿ ಸುಮಾರು 60 ಜಾತಿ ಇವೆ. ಅದರ ಜೊತೆ ರಾಗೋಡಿಯಾ, ಎನ್‌ಕೈಲೀನಾ, ಐನಾಡಿಯಾ ಇವಕ್ಕೂ ಜನ ಸಾಲ್ಟ್‌ಬುಷ್ ಅಂತಲೇ ಕರೀತಾರೆ. ಹೆಚ್ಚಿನವುಗಳ ಎಲೆ ಬೂದು, ಮೇಲೆ ಹಿಟ್ಟು ಎರಚಿದ ಹಾಗೆ ಇರುತ್ತೆ. ಎಲೆ ಹಿಡಿದು ಹೊರಟರೆ ಅಲ್ಲೇ ಸುತ್ತುತ್ತಿರುತ್ತೀರಿ. ಕಾಯಿ ಸಿಕ್ಕರೆ ಕುಲ ಯಾವುದು ಅಂತ ನಿಂತಲ್ಲೇ ಹೇಳಬಹುದು.

ಆಟ್ರಿಪ್ಲೆಕ್ಸ್‌ನಲ್ಲಿ ಬೀಜವನ್ನು ಎರಡು ಪುಟ್ಟ ತೊಟ್ಟೆಲೆಗಳು ಎರಡು ಕಡೆಯಿಂದ ಮುಚ್ಚಿಕೊಂಡಿರುತ್ತವೆ. ಬೆರಳಲ್ಲಿ ಬಿಡಿಸಿದರೆ ಒಳಗೆ ಬೀಜ ಕಾಣುತ್ತೆ. ಈ ಜೋಡಿ ತೊಟ್ಟೆಲೆಯ ಆಕಾರದಲ್ಲೇ ಜಾತಿ ಅಡಗಿದೆ. ಓಲ್ಡ್ ಮ್ಯಾನ್ ಸಾಲ್ಟ್‌ಬುಷ್‌ನಲ್ಲಿ ಅದು ಹೆಚ್ಚುಕಮ್ಮಿ ದುಂಡಗೆ ಅಥವಾ ಬೀಸಣಿಗೆಯ ಆಕಾರಕ್ಕೆ, ಸಪಾಟಾಗಿ ಇರುತ್ತೆ. ಕೊಂಬೆಯ ತುದಿಯಲ್ಲಿ ಗೊಂಚಲು ಗೊಂಚಲಾಗಿ ತುಂಬಿಕೊಳ್ಳುತ್ತೆ. ಬ್ಲ್ಯಾಡರ್ ಸಾಲ್ಟ್‌ಬುಷ್‌ನಲ್ಲಿ ತೊಟ್ಟೆಲೆಯ ಬೆನ್ನ ಮೇಲೆ ಗಾಳಿ ತುಂಬಿದಂಥ ಉಬ್ಬು ಇರುತ್ತೆ. ತೆವಳುವ ಸಾಲ್ಟ್‌ಬುಷ್, ಅಂದರೆ ಆಟ್ರಿಪ್ಲೆಕ್ಸ್ ಸೆಮಿಬಕ್ಕಾಟಾ, ಅದರದ್ದು ವಜ್ರಾಕೃತಿ. ಮಾಗಿದಾಗ ಕೆಂಪಾಗಿ ತಿರುಳು ತುಂಬಿಕೊಳ್ಳುತ್ತೆ.

ರಾಗೋಡಿಯಾದಲ್ಲಿ ತೊಟ್ಟೆಲೆ ಇಲ್ಲ, ನೇರವಾಗಿ ಗುಂಡನೆಯ ಹಣ್ಣು. ಬ್ಲೂಬುಷ್‌ಗಳಲ್ಲಿ, ಅಂದರೆ ಮೈರಿಯಾನಾದಲ್ಲಿ, ಕಾಯಿಯ ಸುತ್ತ ತೆಳ್ಳನೆಯ ರೆಕ್ಕೆ ಇರುತ್ತೆ, ಪುಟಾಣಿ ಹಪ್ಪಳ ಇದ್ದ ಹಾಗೆ. ಸ್ಕ್ಲಿರೋಲೀನಾ ಕಾಯಿಯಲ್ಲಿ ಮುಳ್ಳು. ಅದು ಕಾಲಿಗೆ ಚುಚ್ಚಿಯೇ ತನ್ನ ಗುರುತು ಹೇಳುತ್ತೆ.

ನಿಮ್ಮ ನಾಲ್ಕನೆಯದು ರಾಗೋಡಿಯಾ ಕ್ಯಾಂಡೊಲಿಯಾನಾ, ಸೀಬೆರಿ ಸಾಲ್ಟ್‌ಬುಷ್. ಅದರಲ್ಲಿ ಅನುಮಾನ ಇಲ್ಲ. ಎಲೆಯ ಮೇಲ್ಭಾಗ ಕಡು ಹಸಿರು, ಹೊಳಪು. ಕೆಳಭಾಗ ಮಾಸಲು. ಹಣ್ಣು ಕಡು ಕೆಂಪು.

ಮಿಲ್ಡುರಾ_ಮಾವ
ರಾಯರೇ, ನೀವು ಹೇಳಿದ್ದು ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹದಲ್ಲಿ, ಕೂತವರಿಗೆ ಸರಿ. ಬಯಲಲ್ಲಿ ನಿಂತವನಿಗೆ ಕಾಯಿ ಬೇಕು ಅಂದಾಗ ಕಾಯಿ ಇರಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಓಲ್ಡ್ ಮ್ಯಾನ್, ಬ್ಲ್ಯಾಡರ್ ಎರಡರಲ್ಲೂ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡು ಗಿಡದ ಮುಂದೆ ವರ್ಷಗಟ್ಟಲೆ ಕಾದರೂ ಕಾಯಿ ಬರಲ್ಲ. ಆಗ ಏನು ಮಾಡ್ತೀರಿ?

ನಾನು ನೋಡೋದು ಮೊದಲು ಗಾತ್ರ, ಆಮೇಲೆ ಎಲೆ. ಆಳೆತ್ತರ ಮೀರಿದ ದೊಡ್ಡ ಬೂದು ಪೊದೆ, ಎಲೆ ದುಂಡಗೆ, ಎರಡು ಮೂರು ಸೆಂಟಿಮೀಟರ್, ಸ್ಪಷ್ಟವಾದ ತೊಟ್ಟು ಇದೆ ಅಂದರೆ ಓಲ್ಡ್ ಮ್ಯಾನ್. 3 ಮೀಟರ್ ತನಕ ಏರುತ್ತೆ, ಅಗಲ ಅದಕ್ಕಿಂತ ಜಾಸ್ತಿ. ಮೊಣಕಾಲಿನಿಂದ ಸೊಂಟದೊಳಗೆ ಇದ್ದು, ಎಲೆ ಚಿಕ್ಕದು, ಕೊಂಬೆ ಮುಟ್ಟಿದರೆ ಪಟ್ ಅಂತ ಮುರಿದರೆ ಬ್ಲ್ಯಾಡರ್. ಇಷ್ಟು ಸಾಕು. ಹತ್ತರಲ್ಲಿ ಒಂಬತ್ತು ಸಲ ಸರಿ ಬರುತ್ತೆ.

ಲೆನ್ಸ್_ರಾಯ
ಕುರಿ ಮೇಯ್ದ ಓಲ್ಡ್ ಮ್ಯಾನ್ ಕೂಡ ಸೊಂಟದ ಎತ್ತರಕ್ಕೇ ಇರುತ್ತೆ ಮಾವ. ಅದರಲ್ಲೇ ಉಪಜಾತಿಗಳೂ ಇವೆ. ಪಶ್ಚಿಮದ ಕಡೆ ಸಿಗುವ ಒಂದರಲ್ಲಿ ಎಲೆ ದುಂಡಗಿರಲ್ಲ, ಬುಡದತ್ತ ಕಿರಿದಾಗುತ್ತೆ. ನಿಮ್ಮ ಊರಿನ ಮರ್ರೆ ನದಿ ಬಯಲಲ್ಲೇ ರಿವರ್ ಸಾಲ್ಟ್‌ಬುಷ್ ಇದೆಯಲ್ಲ, ಆಟ್ರಿಪ್ಲೆಕ್ಸ್ ರಾಗೊಡಿಯಾಯ್ಡಿಸ್? ಅದನ್ನ ಓಲ್ಡ್ ಮ್ಯಾನ್‌ನಿಂದ ಎಲೆ ನೋಡಿ ಬೇರೆ ಮಾಡಿ ನೋಡೋಣ.

ಮಿಲ್ಡುರಾ_ಮಾವ
ಅದು ನಾನು ಹೇಳಿದ ಹತ್ತರಲ್ಲಿ ತಪ್ಪುವ ಆ ಒಂದು.

ಹುಲ್ಲುಕಡ್ಡಿ
😂

ಕಡಲತಡಿ
ಜಗಳ ಆಮೇಲೆ ಆಡಿ. ಅಣ್ಣನ ಮೂರನೇ ಫೋಟೋ ನನಗೆ ಗೊತ್ತು, ದಿನಾ ವಾಕಿಂಗ್ ಹೋಗುವಾಗ ನೋಡ್ತೇನೆ. ಕೋಸ್ಟ್ ಸಾಲ್ಟ್‌ಬುಷ್, ಆಟ್ರಿಪ್ಲೆಕ್ಸ್ ಸಿನೇರಿಯಾ. ಮರಳು ದಿಬ್ಬದ ಮುಂಭಾಗದಲ್ಲೇ ಇರುತ್ತೆ. ಎಲೆ ಉದ್ದ, ಅಂಚು ನುಣುಪು, ಹಲ್ಲು ಇಲ್ಲ. ನೆಟ್ಟಗೆ ಏರೋದಕ್ಕಿಂತ ಮರಳಿನ ಮೇಲೆ ಹರಡಿಕೊಳ್ಳುತ್ತೆ. ಗಂಡು ಹೂವು ಬಿಟ್ಟಾಗ ತುದಿಗಳಲ್ಲಿ ಒತ್ತಾದ ಗುಂಡು ಗುಂಡು ಮೊಗ್ಗು, ಕೆಲವು ಸಲ ಕೆನ್ನೇರಳೆ ಬಣ್ಣಕ್ಕೆ. ಸಮುದ್ರದ ಪಕ್ಕದಲ್ಲಿ ಕಂಡಿದ್ದನ್ನೆಲ್ಲ ಓಲ್ಡ್ ಮ್ಯಾನ್ ಅನ್ನುವವರು ಬಹಳ ಜನ ಇದ್ದಾರೆ. ಅದು ಒಳನಾಡಿನ ಗಿಡ. ಇಲ್ಲಿ ಕಂಡರೆ ಯಾರೋ ನೆಟ್ಟಿದ್ದು ಅಂತ ಅರ್ಥ.

ಎಲ್ಲಿ ಸಿಕ್ಕಿತು ಅನ್ನೋದೂ ಒಂದು ಗುರುತೇ, ಅದನ್ನ ಯಾರೂ ಬರೆಯಲ್ಲ.

ಕುರಿಮಂದೆ
ಕಡಲತಡಿ ಹೇಳಿದ್ದಕ್ಕೆ ನನ್ನ ವೋಟು. ನಾನು ಬ್ರೋಕನ್ ಹಿಲ್ ಕಡೆ ಒಂದು ದೊಡ್ಡ ಕುರಿ ಸ್ಟೇಷನ್ನಿನಲ್ಲಿ (ಕುರಿ ಸಾಕುವ ಫಾರ್ಮ್) ಕೆಲಸ ಮಾಡಿದ್ದೆ. ಅಲ್ಲಿನ ಹಳಬರು ಎಲೆ ಕಿತ್ತು ನೋಡುತ್ತಲೇ ಇರಲಿಲ್ಲ. ನೆಲ ನೋಡಿ ಹೇಳ್ತಿದ್ದರು. ಕೆಳಗೆ ಸುಣ್ಣಕಲ್ಲು ಇರುವ ನೆಲ ಅಂದರೆ ಪರ್ಲ್ ಬ್ಲೂಬುಷ್. ಅಣ್ಣನ ಎರಡನೇ ಫೋಟೋ ಅದೇ, ಮೈರಿಯಾನಾ ಸೆಡಿಫೋಲಿಯಾ. ಎಲೆ ಚಪ್ಪಟೆ ಅಲ್ಲ, ತುದಿ ದಪ್ಪಗಿರುವ ಪುಟ್ಟ ಕಡ್ಡಿ. ದೂರದಿಂದ ನೀಲಿ ಹೊಗೆ ಕವಿದ ಹಾಗೆ ಕಾಣುತ್ತೆ. ಒಂದು ಪೊದೆ ನೂರು ವರ್ಷ ಮೀರಿ ಬದುಕುತ್ತೆ. ಕುರಿಗೆ ಅದು ಅಷ್ಟಾಗಿ ಇಷ್ಟ ಇಲ್ಲ. ಬ್ಲ್ಯಾಡರ್ ಇದ್ದರೆ ಅದನ್ನ ಮೊದಲು ತಿನ್ನುತ್ತವೆ.

ಬ್ಲ್ಯಾಡರ್‌ನ ಒಂದು ದುರಾದೃಷ್ಟ ಏನು ಅಂದರೆ, ಎಲೆ ಪೂರ್ತಿ ಬೋಳಿಸಿದರೆ ಗಿಡ ಸತ್ತೇ ಹೋಗುತ್ತೆ, ಮತ್ತೆ ಚಿಗುರಲ್ಲ. ಓಲ್ಡ್ ಮ್ಯಾನ್ ಹಾಗಲ್ಲ, ಎಷ್ಟು ಕಡಿದರೂ ಚಿಗುರುತ್ತೆ. ಕುರಿ ಹೆಚ್ಚು ಬಿಟ್ಟ ಕಡೆ ಬ್ಲೂಬುಷ್ ಮಾತ್ರ ಉಳಿದು ಬ್ಲ್ಯಾಡರ್ ಕಾಣೆಯಾಗಿರೋದು ಅದಕ್ಕೇ. ಅಡಿಲೇಡ್ ವಿಶ್ವವಿದ್ಯಾಲಯದವರು 1925ರಲ್ಲೇ ದಕ್ಷಿಣ ಆಸ್ಟ್ರೇಲಿಯಾದ ಕೂನಮೋರ್‌ನಲ್ಲಿ ಸುಮಾರು 390 ಹೆಕ್ಟೇರ್ ನೆಲಕ್ಕೆ ಬೇಲಿ ಹಾಕಿ ಕುರಿ ಹೊರಗಿಟ್ಟರು, ಗಿಡ ಹೇಗೆ ಮರಳಿ ಬರುತ್ತೆ ಅಂತ ನೋಡೋಕೆ. ಅಳತೆ, ಫೋಟೋ ದಾಖಲೆ ಹಲವು ದಶಕ ನಡೆದಿದೆ. ಇಂಥ ತಾಳ್ಮೆ ನಮ್ಮ ಕಡೆ ಹುಲ್ಲುಗಾವಲಿಗೆ ಯಾರಾದರೂ ತೋರಿಸಿದ್ದರೆ!

ಉಪ್ಪಿನಕಾಯಿ
ತಿನ್ನಬಹುದಾ ಅನ್ನೋ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟೇ ಇಲ್ಲ, ಗಮನಿಸಿದಿರಾ? ಅದೇ ಮುಖ್ಯ.

ಕಡಲತಡಿ
ತಿನ್ನಬಹುದು. ಓಲ್ಡ್ ಮ್ಯಾನ್ ಎಲೆಯನ್ನ ಇಲ್ಲಿನ ಹೋಟೆಲುಗಳಲ್ಲೂ ಬಳಸ್ತಾರೆ. ಒಣಗಿಸಿ ಪುಡಿ ಮಾಡಿದರೆ ಉಪ್ಪಿನ ಬದಲು ಉದುರಿಸಬಹುದು. ಆದರೆ ಆಕ್ಸಲೇಟ್ (ಕಿಡ್ನಿ ಕಲ್ಲಿಗೆ ದಾರಿ ಮಾಡುವ ಅಂಶ) ಜಾಸ್ತಿ ಇರುತ್ತೆ. ಸೊಪ್ಪಿನ ಹಾಗೆ ಬೇಯಿಸುವುದಾದರೆ ಒಂದು ಸಲ ಕುದಿಸಿ ನೀರು ಚೆಲ್ಲಿ. ಕಿಡ್ನಿ ಕಲ್ಲು ಇರುವವರು, ಬಿಪಿ ಇರುವವರು ದೂರ ಇರೋದು ಒಳ್ಳೆಯದು. ರಸ್ತೆ ಬದಿಯದ್ದು ಕೀಳಬೇಡಿ. ಪಾರ್ಕುಗಳಲ್ಲಂತೂ ಅನುಮತಿ ಇಲ್ಲದೆ ಒಂದು ಎಲೆಯನ್ನೂ ಮುಟ್ಟಬೇಡಿ.

ಹಣ್ಣಿನಲ್ಲಿ ರೂಬಿ ಸಾಲ್ಟ್‌ಬುಷ್ ಚೆನ್ನ. ಸಿಹಿ ಉಪ್ಪು ಎರಡೂ ಇರುತ್ತೆ. ಗುಂಡಗಿರಲ್ಲ, ನಡುವೆ ತಗ್ಗಾದ ಚಪ್ಪಟೆ ಹಣ್ಣು. ಹಸಿರು, ಹಳದಿ, ಕೆಂಪು ಒಂದೇ ಕೊಂಬೆಯಲ್ಲಿ ಇರುತ್ತವೆ. ಎಲೆ ಕಡ್ಡಿಯ ಹಾಗೆ ಉರುಟು, ಮೇಲೆ ಮೆತ್ತನೆ ರೋಮ. ಇದನ್ನ ಸೀಬೆರಿ ಜೊತೆ ಗೊಂದಲ ಮಾಡಿಕೊಳ್ಳುವವರಿಗೆ ನಾನು ಹೇಳೋದು ಇಷ್ಟೇ: ಎಲೆ ಚಪ್ಪಟೆ ಇದ್ದರೆ ರೂಬಿ ಅಲ್ಲ.

ಉಪ್ಪಿನಕಾಯಿ
ಹಾಗಾದರೆ ನಮ್ಮ ಚಕ್ಕೋತ ಸೊಪ್ಪಿನ ನೆಂಟರು ಅನ್ನಿ. ಹಿಂದಿಯವರ ಬಥುವಾ. ಅದರ ಚಿಗುರಿನ ಮೇಲೂ ಇದೇ ಬಿಳಿ ಹಿಟ್ಟು ಇರುತ್ತಲ್ಲ? ನಮ್ಮಜ್ಜಿ ಅದನ್ನ ಉಜ್ಜಿ ಉಜ್ಜಿ ತೊಳೀತಿದ್ದರು, ಔಷಧಿ ಹೊಡೆದಿದ್ದಾರೆ ಅಂತ ಅನುಮಾನ!

ಲೆನ್ಸ್_ರಾಯ
ನೆಂಟರೇ. ಪಾಲಕ್, ಬೀಟ್ರೂಟ್, ಕಿನೋವಾ ಎಲ್ಲ ಒಂದೇ ಮನೆತನ. ಆ ಹಿಟ್ಟು ಹಿಟ್ಟಲ್ಲ, ಎಲೆಯ ಮೇಲಿನ ಸೂಕ್ಷ್ಮ ಚೀಲಗಳು. ಆಟ್ರಿಪ್ಲೆಕ್ಸ್‌ನಲ್ಲಿ ಗಿಡ ತನಗೆ ಬೇಡವಾದ ಉಪ್ಪನ್ನ ಈ ಚೀಲಗಳಿಗೆ ತುಂಬುತ್ತೆ. ಚೀಲ ಒಣಗಿ ಕುಸಿದ ಮೇಲೆ ಬೆಳ್ಳಿ ಬಣ್ಣದ ಪದರ ಉಳಿಯುತ್ತೆ. ಬಿಸಿಲನ್ನ ತಿರುಗಿಸಿ ಕಳಿಸುವ ಕೆಲಸವನ್ನೂ ಅದೇ ಮಾಡುತ್ತೆ.

ಮಾವ, ನಿಮಗೊಂದು ರಾಜಿ ಸೂತ್ರ ಕೊಡ್ತೇನೆ. ಕಾಯಿ ಇಲ್ಲದಾಗ ಹತ್ತು ಪಟ್ಟಿನ ಲೆನ್ಸ್ ಹಿಡಿದು ಎಲೆ ಮೇಲ್ಮೈ ನೋಡಿ. ಪುಡಿ ಪುಡಿ ಚೀಲ ಅಥವಾ ಹೊಟ್ಟಿನಂಥ ಪದರ ಕಂಡರೆ ಆಟ್ರಿಪ್ಲೆಕ್ಸ್ ಅಥವಾ ರಾಗೋಡಿಯಾ. ಉದ್ದನೆ ರೋಮ, ಉಣ್ಣೆಯ ಹಾಗೆ ಹೆಣೆದುಕೊಂಡಿದ್ದರೆ ಮೈರಿಯಾನಾ ಅಥವಾ ಎನ್‌ಕೈಲೀನಾ. ಇನ್ನೊಂದು ಉಪಾಯ: ಎಲೆಯ ಪದರ ಮೆಲ್ಲಗೆ ಕೆರೆದು ಬೆಳಕಿಗೆ ಹಿಡಿಯಿರಿ. ನರಗಳ ಬಲೆ ಕಡು ಹಸಿರಾಗಿ ಎದ್ದು ಕಂಡರೆ ಅದು ಇಲ್ಲಿನ ಆಟ್ರಿಪ್ಲೆಕ್ಸ್‌ಗಳ ಗುರುತು. ಯೂರೋಪಿನಿಂದ ಬಂದ ಆಟ್ರಿಪ್ಲೆಕ್ಸ್ ಪ್ರೊಸ್ಟ್ರಾಟಾದಲ್ಲಿ ಆ ಬಲೆ ಕಾಣಲ್ಲ. ಅದರ ಎಲೆ ತ್ರಿಕೋನ, ಬುಡದಲ್ಲಿ ಎರಡು ಮೂಲೆ ಹೊರಗೆ ಚಾಚಿರುತ್ತೆ. ಉಪ್ಪು ಜವುಗಿನ ಅಂಚಿನಲ್ಲಿ ಸಾಮಾನ್ಯ.

ಮಿಲ್ಡುರಾ_ಮಾವ
ಕೊನೆಗೂ ಎಲೆಗೆ ಬಂದಿರಿ!

ಲೆನ್ಸ್_ರಾಯ
ಲೆನ್ಸ್ ಜೊತೆ ಬಂದೆ.

ಮಿಲ್ಡುರಾ_ಮಾವ
ಕಾಂಡದ ಬಗ್ಗೆ ನಾನೇ ಹೇಳ್ತೇನೆ, ಇಲ್ಲಾಂದರೆ ಅದೂ ನಿಮ್ಮದೇ ಆಗುತ್ತೆ. ಗಂಟು ಗಂಟಾಗಿ ಮಣಿ ಪೋಣಿಸಿದಂತೆ, ಎಲೆಯೇ ಇಲ್ಲದ ಹಸಿರು ಕಾಂಡ ಇದ್ದರೆ ಅದು ಸ್ಯಾಂಫಯರ್, ಟೆಕ್ಟಿಕಾರ್ನಿಯಾ. ಉಪ್ಪು ಕೆರೆಗಳ ದಂಡೆ ತುಂಬ ಇರುತ್ತೆ. ಕೊಂಬೆಯ ತುದಿ ಮುಳ್ಳಾಗಿ ಮುಗಿದರೆ ಎರಡು ಸಾಧ್ಯತೆ: ರಾಗೋಡಿಯಾ ಸ್ಪೈನೆಸೆನ್ಸ್ ಅಥವಾ ನೈಟರ್ ಗೂಸ್‌ಫುಟ್. ಎರಡನೆಯದು ನೆರೆ ನೀರು ನಿಲ್ಲುವ ತಗ್ಗುಗಳಲ್ಲಿ ಸಿಗುತ್ತೆ, ಒರಟಾಗಿ, ಎತ್ತರಕ್ಕೆ ಬೆಳೆಯುತ್ತೆ. ಇಲ್ಲಿ ಮಾತ್ರ ನಾನೂ ಕಾಯಿ ನೋಡ್ತೇನೆ. ರಾಗೋಡಿಯಾದ್ದು ರಸ ತುಂಬಿದ ಹಣ್ಣು, ಗೂಸ್‌ಫುಟ್‌ದು ಒಣ ಕಾಯಿ. ಸ್ಪೈನೆಸೆನ್ಸ್‌ನಲ್ಲಿ ಎಲ್ಲ ಗಿಡಕ್ಕೂ ಮುಳ್ಳು ಇರಲ್ಲ, ಅದನ್ನೂ ನೆನಪಿಡಿ. ನರ್ಸರಿಯಲ್ಲಿ ಮಾರುವ ಕೆಲವು ತಳಿಗಳು ಪೂರ್ತಿ ಮೆತ್ತಗೆ.

ಬೇಲಿಹೂ
ರಾಗೋಡಿಯಾ ಅನ್ನೋದೇ ಈಗ ಕೀನೋಪೋಡಿಯಂ ಒಳಗೆ ಸೇರಿದೆಯಲ್ಲ? ಕೆಲವು ಕಡೆ ಸೀಬೆರಿಗೆ ಕೀನೋಪೋಡಿಯಂ ಕ್ಯಾಂಡೊಲಿಯಾನಂ ಅಂತ ಇದೆ.

ಹುಲ್ಲುಕಡ್ಡಿ
ದಯವಿಟ್ಟು ಆ ವಿಷಯ ಎತ್ತಬೇಡಿ. ರಾಯರು ರಾತ್ರಿ ಮಲಗಲ್ಲ.

ಲೆನ್ಸ್_ರಾಯ
ಡಿಎನ್‌ಎ ಆಧಾರದ ಮೇಲೆ ಸೇರಿಸಿದ್ದಾರೆ. ಇಲ್ಲಿನ ಹಲವು ಪಟ್ಟಿಗಳು ಹಳೆ ಹೆಸರನ್ನೇ ಇಟ್ಟುಕೊಂಡಿವೆ. ಹುಡುಕುವಾಗ ಎರಡೂ ಹೆಸರು ಹಾಕಿ, ಅಷ್ಟೇ. ಹಣ್ಣು ಬದಲಾಗಿಲ್ಲ.

ಸವಳು_ನೆಲ
ನಾನು ಗಂಗಾವತಿ ಕಡೆಯವನು, ಸುಮ್ನೆ ಓದ್ತಾ ಇದ್ದೆ. ಕಾಲುವೆ ನೀರು ಬಂದ ಮೇಲೆ ನಮ್ಮ ಕೆಳಗಿನ ಹೊಲ ಸವಳು ಹಿಡಿದು ಬೆಳ್ಳಗಾಗಿದೆ. ಭತ್ತವೂ ಸರಿಯಾಗಿ ಬರ್ತಿಲ್ಲ. ಈ ಓಲ್ಡ್ ಮ್ಯಾನ್ ಗಿಡ ಹಾಕಿದರೆ ಕುರಿಗೆ ಮೇವೂ ಆಗುತ್ತೆ, ಉಪ್ಪೂ ಹೀರುತ್ತೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ನಿಜವಾ? ಯಾರಾದರೂ ಊರಿಗೆ ಬರುವಾಗ ಒಂದು ಹಿಡಿ ಬೀಜ ತರ್ತೀರಾ?

ಕುರಿಮಂದೆ
ಬೀಜ ಜೇಬಲ್ಲಿ ತರೋದು ಬೇಡ. ಆಮದು ಪರವಾನಗಿ, ರೋಗಮುಕ್ತ ಪ್ರಮಾಣಪತ್ರ ಎರಡೂ ಬೇಕು. ಅದು ಸುಮ್ಮನೆ ಕಾಗದದ ತಕರಾರೂ ಅಲ್ಲ. ಇಲ್ಲಿನ ತೆವಳುವ ಸಾಲ್ಟ್‌ಬುಷ್ ಅನ್ನ ಮೇವಿಗೆ ಅಂತ ಕ್ಯಾಲಿಫೋರ್ನಿಯಾಕ್ಕೆ ಒಯ್ದರು. ಅಲ್ಲಿ ಈಗ ಅದು ಕಳೆ.

ನಿಮ್ಮ ಹೊಲದ ಮಾತಿಗೆ ಬಂದರೆ, ಆಟ್ರಿಪ್ಲೆಕ್ಸ್ ಉಪ್ಪು ತಡೆಯುತ್ತೆ ನಿಜ. ಆದರೆ ಓಲ್ಡ್ ಮ್ಯಾನ್‌ಗೆ ಬೇರಿನಲ್ಲಿ ನೀರು ನಿಂತರೆ ಆಗಲ್ಲ. ಎರೆ ನೆಲ, ಭತ್ತದ ಗದ್ದೆ, ಮಳೆಗಾಲ, ಮೂರೂ ಸೇರಿದರೆ ಕಷ್ಟ. ಇನ್ನೊಂದು, ಎಲೆಗೆ ಹೋದ ಉಪ್ಪು ಎಲೆ ಉದುರಿದರೆ ಮತ್ತೆ ನೆಲಕ್ಕೇ ಬೀಳುತ್ತೆ. ಕೊಯ್ದು ಹೊರಗೆ ಹಾಕಿದರೂ ಹೋಗೋದು ಸ್ವಲ್ಪ. ನೀರು ಬಸಿಯುವ ವ್ಯವಸ್ಥೆ ಇಲ್ಲದೆ ಗಿಡ ಒಂದೇ ಸವಳು ತೆಗೆಯಲ್ಲ. ಬರೀ ಅದನ್ನೇ ತಿಂದರೆ ಕುರಿಗೂ ಉಪ್ಪು ಹೆಚ್ಚಾಗುತ್ತೆ. ಒಣ ಹುಲ್ಲು, ಬೇಕಾದಷ್ಟು ಸಿಹಿನೀರು ಜೊತೆಗೆ ಇರಲೇಬೇಕು.

ಬೇಲಿಹೂ
ಗಂಗಾವತಿಯಲ್ಲೇ ಕೃಷಿ ಸಂಶೋಧನಾ ಕೇಂದ್ರ ಇದೆಯಲ್ಲ, ಸವಳು ನೆಲದ ಮೇಲೆ ಕೆಲಸ ಮಾಡ್ತಾರೆ. ಹರಿಯಾಣದ ಕರ್ನಾಲ್‌ನಲ್ಲಿ 1969ರಿಂದ ಇದಕ್ಕೇ ಅಂತ ಕೇಂದ್ರ ಸಂಸ್ಥೆ ಇದೆ, ಅಲ್ಲಿ ಆಟ್ರಿಪ್ಲೆಕ್ಸ್ ಬೆಳೆಸಿಯೂ ನೋಡಿದ್ದಾರೆ. ವಿಡಿಯೋ ನೋಡಿ ಹೊಲಕ್ಕೆ ಕೈ ಹಾಕೋ ಮುಂಚೆ ಅಲ್ಲಿ ಕೇಳಿ.

ಸವಳು_ನೆಲ
ಸರಿ ಸರಿ. ಮೊದಲು ಬಸಿಗಾಲುವೆ ನೋಡ್ತೀನಿ. ಅದಕ್ಕೆ ಪಕ್ಕದ ಹೊಲದವನು ಒಪ್ಪಬೇಕು, ಅದು ಬೇರೆ ಕಥೆ.

ಅಡಿಲೇಡ್_ಅಣ್ಣ
ಅಬ್ಬಾ, ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಧನ್ಯವಾದ. ಮೊನ್ನೆ ಮತ್ತೆ ಪೋರ್ಟ್ ಆಗಸ್ಟಾ ಹತ್ತಿರದ ಕ್ವೋರ್ನ್ ಕಡೆ ಹೋಗಿದ್ದೆ. ಮೊದಲನೇ ಗಿಡದ ಥರದ್ದರಲ್ಲೇ ಈ ಸಲ ಕಾಯಿ ಸಿಕ್ಕಿದೆ, ಹತ್ತಿರದಿಂದ ಫೋಟೋ ತೆಗೆದಿದ್ದೇನೆ. ಐದನೇ ಚಿತ್ರ. ಆರನೆಯದರಲ್ಲಿ ಬೇರೊಂದು ಪೊದೆ, ಎಲೆ ಕಾಣೋದೇ ಇಲ್ಲ, ಕಾಂಡದ ತುಂಬ ಬಿಳಿ ಹತ್ತಿ ಉಂಡೆ. ಇದು ಯಾವ ಹಣ್ಣು?

ಲೆನ್ಸ್_ರಾಯ
ಐದು: ತೊಟ್ಟೆಲೆಯ ಎರಡೂ ಬೆನ್ನಿನಲ್ಲಿ ಉಬ್ಬು ಸ್ಪಷ್ಟವಾಗಿದೆ. ಬ್ಲ್ಯಾಡರ್ ಸಾಲ್ಟ್‌ಬುಷ್, ಆಟ್ರಿಪ್ಲೆಕ್ಸ್ ವೆಸಿಕೇರಿಯಾ. ಉಬ್ಬು ಇಲ್ಲದ ವೆಸಿಕೇರಿಯಾ ಕೂಡ ಇರುತ್ತೆ, ಆದ್ದರಿಂದ ಉಬ್ಬು ಕಾಣಲಿಲ್ಲ ಅಂತ ಬೇರೆ ಹೆಸರು ಕೊಟ್ಟುಬಿಡಬೇಡಿ. ತೊಟ್ಟೆಲೆಗೆ ಸಣ್ಣ ಕಾಲು ಇದ್ದರೆ ಆಟ್ರಿಪ್ಲೆಕ್ಸ್ ಸ್ಟಿಪಿಟಾಟಾ ಇರಬಹುದಾ ಅಂತ ಪರೀಕ್ಷಿಸಿ.

ಕುರಿಮಂದೆ
ಆರನೆಯದು ಹಣ್ಣಲ್ಲ! ಹುಳು ಮಾಡಿದ ಗಂಟು. ಗಿಡ ಕಾಟನ್‌ಬುಷ್, ಮೈರಿಯಾನಾ ಅಫಿಲ್ಲಾ. ಮುಳ್ಳುಮುಳ್ಳು ಕಡ್ಡಿ, ಎಲೆ ಇದ್ದೂ ಇಲ್ಲದ ಹಾಗೆ. ಒಳಗೆ ಮರಿಹುಳು ಇರುತ್ತೆ, ಒಂದು ಉಂಡೆ ಸೀಳಿ ನೋಡಿ. ಈ ಬಳಗದ ಬೇರೆ ಗಿಡಗಳಲ್ಲೂ ಇಂಥ ಗಂಟು ಬರುತ್ತೆ. ಕಾಯಿ ಅಂದುಕೊಂಡು ಫೋಟೋ ಹಾಕಿ ಜಾತಿ ಕೇಳುವವರು ವಾರಕ್ಕೊಬ್ಬರಾದರೂ ಬರ್ತಾರೆ.

ಮಿಲ್ಡುರಾ_ಮಾವ
ನೋಡಿ, ಕಾಯಿ ನಂಬಿದರೂ ಮೋಸ ಆಗುತ್ತೆ 😄

ಅಣ್ಣ ಕ್ವೋರ್ನ್ ಅಂದಿದ್ದಕ್ಕೆ ಒಂದು ಮಾತು. ಆ ದಾರಿಯಲ್ಲಿ ಗೋಯ್ಡರ್ ರೇಖೆಯ ಫಲಕ ಕಂಡಿರಬಹುದು. 1865ರಲ್ಲಿ ಸರ್ವೇಯರ್ ಜನರಲ್ ಜಾರ್ಜ್ ಗೋಯ್ಡರ್ ಕುದುರೆ ಮೇಲೆ ಸುತ್ತಿ ಗುರುತು ಮಾಡಿದ ಗೆರೆ. ದಕ್ಷಿಣಕ್ಕೆ ಬೇಸಾಯ ಆಗುತ್ತೆ, ಉತ್ತರಕ್ಕೆ ಮಳೆ ನಂಬೋಕಾಗಲ್ಲ. ಮಳೆ ಲೆಕ್ಕ ಇಟ್ಟ ದಾಖಲೆ ಆಗ ಅಲ್ಲಿ ಇದ್ದದ್ದೇ ಕಮ್ಮಿ. ಅವರು ನೋಡಿದ್ದು ಗಿಡ. ಮ್ಯಾಲೀ ಕುರುಚಲು ಕಾಡು ಮುಗಿದು ಸಾಲ್ಟ್‌ಬುಷ್ ಶುರುವಾಗೋದು ಎಲ್ಲಿ ಅಂತ. ಈಗಿನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಳೆಯ ಗೆರೆಗೆ ಅದು ಹತ್ತಿರ ಬರುತ್ತೆ.

1870ರ ದಶಕದಲ್ಲಿ ಕೆಲವು ವರ್ಷ ಒಳ್ಳೆ ಮಳೆ ಬಂತು. ನೇಗಿಲು ಹೋದ ಕಡೆ ಮಳೆಯೂ ಬರುತ್ತೆ ಅಂತ ಜನ ಗೆರೆ ದಾಟಿ ಗೋಧಿ ಬಿತ್ತಿದರು. 1878ರಲ್ಲಿ ಫರೀನಾ ಅಂತ ಊರೇ ಕಟ್ಟಿದರು. 1880ರ ದಶಕದ ಬರ ಬಂದಾಗ ಒಬ್ಬೊಬ್ಬರಾಗಿ ಹೊಲ ಬಿಟ್ಟು ವಾಪಸ್ ಹೋದರು. ಫರೀನಾದಲ್ಲಿ ಈಗ ಉಳಿದಿರೋದು ಕಲ್ಲಿನ ಗೋಡೆಗಳು. ಬೂದು ಪೊದೆಗೆ ಬೆಲೆ ಕೊಟ್ಟಿದ್ದರೆ ಅಷ್ಟು ಮನೆ ಹಾಳಾಗ್ತಿರಲಿಲ್ಲ.

ಬೇಲಿಹೂ
ಮಾವ, ಬರ ಒಂದೇ ಕಾರಣ ಅಲ್ಲ. ಸಾಲದ ಮೇಲೆ ನೆಲ ಕೊಟ್ಟು, ಗೆರೆಯ ನಿರ್ಬಂಧ ತೆಗೆದ ಸರ್ಕಾರದ ಪಾಲೂ ಇದೆ. ರೈತರಿಗೆ ಮಾತ್ರ ಬೈಯಬೇಡಿ.

ಮಿಲ್ಡುರಾ_ಮಾವ
ಒಪ್ಪಿದೆ.

ಕಡಲತಡಿ
ಅಣ್ಣ, ಬೇಲಿಗೆ ಓಲ್ಡ್ ಮ್ಯಾನ್ ನೆಡೋದಾದರೆ ಜಾಗ ನೋಡಿಕೊಳ್ಳಿ. ಸಣ್ಣ ಹಿತ್ತಲಲ್ಲಿ ಅಡ್ಡಡ್ಡ ಹರಡಿ ಬಟ್ಟೆ ಒಣಗಿಸೋ ತಂತಿ ತನಕ ಬರುತ್ತೆ. ಕತ್ತರಿ ಹಾಕಿದರೆ ಮಾತು ಕೇಳುತ್ತೆ, ಆದರೆ ಹಾಕ್ತಾನೇ ಇರಬೇಕು. ಇಲ್ಲಾಂದರೆ ಮುಳ್ಳಿಲ್ಲದ ರಾಗೋಡಿಯಾ ಸ್ಪೈನೆಸೆನ್ಸ್ ತನ್ನಿ. ಹಕ್ಕಿಗಳೂ ಬರ್ತವೆ. ಸಾಲ್ಟ್‌ಬುಷ್ ಬ್ಲೂ ಅಂತ ಒಂದು ಪುಟ್ಟ ಚಿಟ್ಟೆ ಇದೆ, ಅದರ ಮರಿಹುಳು ಈ ಗಿಡಗಳನ್ನೇ ತಿನ್ನೋದು. ಎಲೆಯಲ್ಲಿ ತೂತು ಕಂಡರೆ ಔಷಧಿ ಹೊಡೆಯಬೇಡಿ.

ಅಡಿಲೇಡ್_ಅಣ್ಣ
ಮುಳ್ಳಿಲ್ಲದ್ದೇ ತರ್ತೀನಿ, ಮನೆಯಲ್ಲಿ ಮಕ್ಕಳಿದ್ದಾರೆ. ತಿನ್ನೋಕೆ ಒಂದು ಓಲ್ಡ್ ಮ್ಯಾನ್ ಕುಂಡದಲ್ಲಿ.

ಉಪ್ಪಿನಕಾಯಿ
ಓಲ್ಡ್ ಮ್ಯಾನ್ ಎಲೆಯನ್ನ ಕಡ್ಲೆಹಿಟ್ಟಲ್ಲಿ ಅದ್ದಿ ಬಜ್ಜಿ ಮಾಡಿ. ಹಿಟ್ಟಿಗೆ ಉಪ್ಪು ಹಾಕಬೇಡಿ.

ಹುಲ್ಲುಕಡ್ಡಿ
ನನ್ನದೂ ಒಂದು ಇದೆ. ವಯಲ್ಲಾ ಹತ್ತಿರ ಸಿಕ್ಕಿದ್ದು, ವರ್ಷಕ್ಕೊಮ್ಮೆ ಬರುವ ಸಣ್ಣ ಗಿಡ, ಕಾಯಿ ಗುಂಡಗೆ ಊದಿದೆ, ಸ್ಪಂಜಿನ ಹಾಗೆ, ತುಳಿದರೆ ಪಟ್ ಅನ್ನುತ್ತೆ. ಆಟ್ರಿಪ್ಲೆಕ್ಸ್ ಸ್ಪಾಂಜಿಯೋಸಾ ಅಂತ ಬರೆದಿಟ್ಟಿದ್ದೇನೆ.

ಲೆನ್ಸ್_ರಾಯ
ಹೋಲೋಕಾರ್ಪಾ ಯಾಕಲ್ಲ? ಅದಕ್ಕೂ ಪಾಪ್ ಸಾಲ್ಟ್‌ಬುಷ್ ಅಂತಲೇ ಹೆಸರು, ಅದರ ಕಾಯಿಯೂ ಊದಿರುತ್ತೆ. ಅಡ್ಡ ಕೊಯ್ದು ಫೋಟೋ ಹಾಕಿ.

ಹುಲ್ಲುಕಡ್ಡಿ
ಎಲ್ಲ ತುಳಿದುಬಿಟ್ಟೆ.

ಮಿಲ್ಡುರಾ_ಮಾವ
ಎಲೆ ಇದೆಯಾ?